ಬಿಳಿಯ ಮೇಲಿನ ಬಿಳಿ

ಪ್ಲಾಸ್ಟಿಕ್ ಹೆರೆದು ಎಣ್ಣೆಯಲ್ಲಿ ಕಾಯಿಸುವುದು ನನ್ನ ಕೆಲಸ ಎಂದರೆ ಮದುವೆ ಮನೆಗಳಲ್ಲಿ ಜನ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಪಾಪ, ಏನೋ ಹೊಟ್ಟೆಪಾಡು ಎಂಬ ಮುಖ ಮಾಡಿ ಊಟದ ಪಂಕ್ತಿಯ ಕಡೆ ತಿರುಗುತ್ತಾರೆ. ನನಗೆ ಸಿಟ್ಟು ಬರುತ್ತದೆ. ಸಿಟ್ಟು ನನಗೆ ಬೇಗ ಬರುತ್ತದೆ; ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳುವುದರಲ್ಲಿ ಅದು ಅಲ್ಲಲ್ಲಿ ಬರುತ್ತದೆ.

ಹೈದರಾಬಾದಿನ ಅಂಚಿನ ಒಂದು ಕೇಬಲ್ ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ನಾನಿರುವುದು. ರಸ್ತೆಯ ಕೆಳಗೆ ಹೂಳುವ, ತೋಳಿನಷ್ಟು ದಪ್ಪದ ಕರೆಂಟಿನ ಕೇಬಲ್ ಅಲ್ಲಿ ತಯಾರಾಗುತ್ತದೆ. ನಡುವೆ ಮೂರು ಅಲ್ಯೂಮಿನಿಯಂ ತಂತಿ, ಒಂದೊಂದರ ಸುತ್ತ ಹಾಲುಬಣ್ಣದ ಪಾಲಿಎಥಿಲೀನ್. ಮನೆಗೆ ಬರುವ ಹಾಲಿನ ಪಾಕೀಟಿನದೇ ಕುಲ ಅದು, ಆದರೆ ಕಾವಿಗೆ ಕರಗಿ ಹೋಗದಂತೆ ಅದರ ಎಳೆ ಎಳೆಗಳನ್ನೂ ಒಂದಕ್ಕೊಂದು ಬೆಸೆದಿರುತ್ತಾರೆ. ಹಿಂದೆ ಈ ಜಾಗದಲ್ಲಿ ಎಣ್ಣೆ ಕುಡಿದ ಕಾಗದ ಸುತ್ತಿ ಮೇಲೆ ಸೀಸದ ಕವಚ ಹಾಕುತ್ತಿದ್ದರಂತೆ. ಈಗ ಈ ಬಿಳಿ ಪದರವೊಂದೇ ಸಾವಿರಾರು ವೋಲ್ಟನ್ನು ತಡೆದು ನಿಲ್ಲಬೇಕು. ಅದರೊಳಗೆ ಸೂಜಿಯ ಮೊನೆಯಷ್ಟು ಗಾಳಿಯ ಗುಳ್ಳೆ ಇದ್ದರೂ ಕರೆಂಟು ಅದನ್ನು ಹುಡುಕಿಕೊಂಡು ಹೋಗುತ್ತದೆ, ಅಲ್ಲಿ ಕಿಡಿ ಹಾರಿಸುತ್ತದೆ, ವರ್ಷಗಟ್ಟಲೆ ಕೊರೆಯುತ್ತದೆ, ಕೊನೆಗೊಂದು ದಿನ ಕೇಬಲ್ ಒಡೆಯುತ್ತದೆ.

ಅದಕ್ಕೇ ನನ್ನ ಹೆರೆತ. ಕೇಬಲ್ಲಿನ ತುಂಡಿನಿಂದ ಬಿಳಿ ಪದರವನ್ನು ಹಪ್ಪಳಕ್ಕಿಂತ ತೆಳುವಾಗಿ ಹೆರೆದು ಕಾದ ಸಿಲಿಕೋನ್ ಎಣ್ಣೆಯಲ್ಲಿ ಬಿಡುತ್ತೇನೆ. ಹಾಲಿನಂತಿದ್ದ ಬಿಲ್ಲೆ ನೋಡನೋಡುತ್ತಲೇ ಗಾಜಾಗುತ್ತದೆ. ಒಳಗೆ ಗುಳ್ಳೆ ಇದ್ದರೆ, ಕಸ ಇದ್ದರೆ, ಆಗ ಎಲ್ಲವೂ ಕಾಣುತ್ತದೆ. ತಣ್ಣಗಾದರೆ ಮತ್ತೆ ಹಾಲು. ಇಷ್ಟು ವರ್ಷ ನೋಡಿದರೂ ಬಿಲ್ಲೆ ತಿಳಿಯಾಗುವ ಆ ಗಳಿಗೆ ನನಗೆ ಬೇಸರ ತಂದಿಲ್ಲ.

ನಮ್ಮದು ವಿಜಯಪುರದ ಕಡೆ. ಮದುವೆಯಾಗಿ ಮಲ್ಕಾಜ್‌ಗಿರಿಗೆ ಬಂದೆ. ಗಂಡ ರೈಲ್ವೆಯಲ್ಲಿ ಗಾರ್ಡು. ಮನೆಗಿಂತ ಗಾಡಿಯ ಕೊನೆಯ ಡಬ್ಬಿಯಲ್ಲಿ ಇರುವುದೇ ಹೆಚ್ಚು. ಮನೆಯಲ್ಲಿ ಅತ್ತೆ, ಮೈದುನ, ನಾನು. ಮೈದುನ ಕೇಬಲ್ ಜಾಯಿಂಟರ್. ಒಂದು ಡ್ರಮ್ಮಿನ ಕೇಬಲ್ ಮುಗಿದು ಇನ್ನೊಂದು ಶುರುವಾಗುವ ಕಡೆ, ರಸ್ತೆ ಬದಿಯ ಗುಂಡಿಗೆ ಇಳಿದು, ಎರಡು ತುದಿಗಳ ಪದರಗಳನ್ನು ಒಂದೊಂದಾಗಿ ಸುಲಿದು ಜೋಡಿಸಿ, ಮೇಲೆ ಕೊಳವೆ ಏರಿಸಿ, ಗ್ಯಾಸಿನ ಉರಿಯಿಂದ ಬಿಗಿ ಮಾಡುವವನು. ನಮ್ಮ ಕಾರ್ಖಾನೆ ಮಾಡಿದ್ದನ್ನು ಅವನು ಜೋಡಿಸುತ್ತಾನೆ ಎಂಬುದು ಅತ್ತೆಗೆ ದೊಡ್ಡ ಹೆಮ್ಮೆ. ಕಾಚಿಗೂಡ ಸ್ಟೇಷನ್ನಿಗೆ ಊರಿನವರನ್ನು ಕರೆತರಲು ಹೋದರೆ, ಹೊರಬೀಳುವ ಮುಂಚೆಯೇ ಅವರಿಗೆ ಈ ವಿಷಯ ತಿಳಿದಿರುತ್ತಿತ್ತು.

ಅತ್ತೆಗೆ ಹೆಮ್ಮೆಯಷ್ಟೇ ಹೆದರಿಕೆಯೂ ಇತ್ತು. ಕರೆಂಟಿನ ಕೆಲಸ. ಹಾಗಾಗಿ ದಿನಾ ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟುವ ಮುಂಚೆ ಅವನ ಹಣೆಗೆ ವಿಭೂತಿ ಬಳಿಯುವವರು ಅವರೇ. ತೆಳ್ಳಗೆ ಗೆರೆ ಎಳೆದರೆ ಅವರಿಗೆ ಸಮಾಧಾನವಿಲ್ಲ. ವಿಭೂತಿ ಉಂಡೆಯನ್ನು ನೀರಲ್ಲಿ ತೇದು, ಮೂರು ಬೆರಳು ತುಂಬ ತೆಗೆದುಕೊಂಡು, ಈ ಕಿವಿಯಿಂದ ಆ ಕಿವಿಯವರೆಗೆ. “ಬರೀ ಹಣಿಲೆ ಹೋಗಬ್ಯಾಡಪಾ” ಎನ್ನುತ್ತಿದ್ದರು. ಅವನು ಮೂವತ್ತು ದಾಟಿದ ಗಂಡಸು, ಬಾಗಿ ನಿಂತು ಹಚ್ಚಿಸಿಕೊಳ್ಳುತ್ತಿದ್ದ. ಅವನ ಅಂಗಿಗಳ ಬಲತೋಳು ಮಾತ್ರ ಸದಾ ಬೆಳ್ಳಗೆ ಕಲೆ ಹಿಡಿದಿರುತ್ತಿತ್ತು. ಭಾನುವಾರ ಅದನ್ನು ತಿಕ್ಕುವಾಗ ನಾನು ಗೊಣಗುತ್ತಿದ್ದೆ, ಅಷ್ಟೆ.

ಒಂದು ಯುಗಾದಿ ಕಳೆದ ಮೇಲೆ, ಬಿಸಿಲು ಏರಿದ ಹೊತ್ತಿಗೆ, ಅವನು ಹಿಂದಿನ ಬೇಸಿಗೆಯಲ್ಲಿ ಮಾಡಿದ್ದ ಒಂದು ಜಾಯಿಂಟ್ ಒಡೆಯಿತು. ಮನೆಯಿಂದ ದೂರದ ಒಂದು ಕಾಲನಿ. ಯಾರಿಗೂ ಏನೂ ಆಗಲಿಲ್ಲ, ಆದರೆ ಆ ಬೇಸಿಗೆಯಲ್ಲಿ ಕಾಲನಿಯ ಜನ ಫ್ಯಾನಿಲ್ಲದೆ ಬೆಂದರು. ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಹೆಂಗಸರು ಮೆಟ್ಟಿಲ ಮೇಲೆ ಕೂತಿದ್ದನ್ನು ಅವನು ಕಣ್ಣಾರೆ ಕಂಡು ಬಂದ. ಗುತ್ತಿಗೆದಾರರ ಸೂಪರ್‌ವೈಸರ್ ಎಲ್ಲರ ಎದುರಿಗೇ ಬೈದನಂತೆ. ಬೈಗುಳಕ್ಕೆ ಅವನು ಅಷ್ಟು ನೊಂದಿರಲಿಲ್ಲ. ಮನೆಗೆ ಬಂದವನೇ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡು, “ನನ್ನ ಕೈಗುಣಾನ ಕೆಟ್ಟೈತ್ರಿ ವೈನಿ. ಎಲ್ಲಾ ಬರೋಬ್ಬರಿ ಮಾಡಿದ್ದೆ. ಮಾಡಿದ್ರೂ ಒಡೀತು ಅಂದ್ರ ಕೈ ಸರಿ ಇಲ್ಲ ಅಂತನ ಅರ್ಥ” ಎಂದ.

“ಕೈಗುಣ ಅಂತ ಕೈಗುಣ! ಹಂಗಂದ್ರ ನಾಳಿಂದ ಏನ್ ಮಾಡಾಂವ?” ಎಂದೆ.

“ವಿಜಯಪುರಕ್ಕ ಹೋಗ್ತೀನ್ರಿ. ಮಾಮಾನ ಬಟ್ಟಿ ಅಂಗಡ್ಯಾಗ ಕೂಡತೀನಿ. ಭಾನುವಾರ ಸಂಜಿ ಗಾಡಿಗೆ ಟಿಕೀಟ್ ತಗದೀನಿ.”

ಬಟ್ಟೆ ಅಂಗಡಿಯಲ್ಲಿ ಕೂಡುವುದು ಕೀಳು ಕೆಲಸವೇನಲ್ಲ. ಆದರೆ ಅವನು ಅಲ್ಲಿ ಕೂಡುವವನಲ್ಲ. ಕೇಬಲ್ಲಿನ ತುದಿ ಸುಲಿಯುವಾಗ ಅವನ ಮುಖ ನೋಡಬೇಕು, ಕೂಸಿಗೆ ಎಣ್ಣೆ ನೀರು ಹಾಕುವವರ ಮುಖ. ಕೈ ಕೆಟ್ಟಿದೆ ಎಂದು ಒಮ್ಮೆ ನಂಬಿಬಿಟ್ಟ ಮನುಷ್ಯ ಮತ್ತೆ ಗುಂಡಿಗೆ ಇಳಿಯುವುದಿಲ್ಲ. ಅದು ನನಗೆ ಗೊತ್ತಿತ್ತು, ಅದಕ್ಕೇ ಅವತ್ತು ರೊಟ್ಟಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿದೆ.

ಅದಾದ ಎರಡು ದಿನಕ್ಕೆ ಒಡೆದ ಜಾಯಿಂಟ್ ಗೋಣಿಯಲ್ಲಿ ಸುತ್ತಿಕೊಂಡು ನನ್ನ ಮೇಜಿಗೇ ಬಂತು. ಕೇಬಲ್ಲೇ ಕಳಪೆ ಎಂದು ಗುತ್ತಿಗೆದಾರರು, ಅಲ್ಲ ಎಂದು ನಮ್ಮವರು. ಪರೀಕ್ಷೆ ಮಾಡಬೇಕಾದವಳು ನಾನು. ನಮ್ಮ ಮ್ಯಾನೇಜರಿಗೆ ಅದು ನನ್ನ ಮೈದುನನ ಜಾಯಿಂಟ್ ಎಂದು ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, ಹಾಗಾದರೆ ಹೆರೆದದ್ದನ್ನು ಇನ್ನೊಬ್ಬರೂ ನೋಡಲಿ ಎಂದರು. ಸರಿಯಾದ ಮಾತು.

ನಿಜ ಹೇಳುತ್ತೇನೆ, ಆ ದಿನ ಕೇಬಲ್ಲಿನಲ್ಲೇ ಗುಳ್ಳೆ ಸಿಗಲಿ ಎಂದು ಬೇಡಿಕೊಂಡೆ. ಅನ್ನ ಹಾಕುವ ಕಾರ್ಖಾನೆಯ ಮಾಲು ಕೆಟ್ಟಿರಲಿ ಎಂದು ಬಯಸುವುದು ಎಂಥ ನಾಚಿಕೆಗೇಡು! ಆದರೂ ಬಯಸಿದೆ. ಬಿಲ್ಲೆಗಳನ್ನು ಒಂದೊಂದಾಗಿ ಎಣ್ಣೆಗೆ ಬಿಟ್ಟೆ. ಒಂದೊಂದೂ ತಿಳಿನೀರಿನ ಹಾಗೆ ತಿಳಿಯಾಯಿತು. ಗುಳ್ಳೆಯಿಲ್ಲ, ಕಸವಿಲ್ಲ. ಅಷ್ಟು ಚೆಂದದ ಬಿಲ್ಲೆಗಳನ್ನು ನೋಡಿ ನನಗೆ ಅಳು ಬಂದದ್ದು ಅದೇ ಮೊದಲು. ಕೇಬಲ್ ಚೆನ್ನಾಗಿದೆ ಎಂದರೆ ತಪ್ಪು ಜಾಯಿಂಟಿನದು. ಹಾಗೆಂದೇ ಬರೆದುಕೊಟ್ಟೆ.

ಕಾರ್ಖಾನೆಯ ಮಟ್ಟಿಗೆ ಕೆಲಸ ಮುಗಿಯಿತು. ನನಗೆ ಮುಗಿಯಲಿಲ್ಲ. ಎಲ್ಲ ಬರೋಬ್ಬರಿ ಮಾಡಿದ್ದೆ ಎಂದವನ ಜಾಯಿಂಟ್ ಏಕೆ ಒಡೆಯಿತು? ಊಟದ ಬಿಡುವಿನಲ್ಲಿ ಡಬ್ಬಿ ಬಿಚ್ಚದೆ ಜಾಯಿಂಟನ್ನು ಉದ್ದಕ್ಕೆ ಸೀಳಿದೆ. ಒಳಗೆ ಮೂರು ತಂತಿ, ಮೂರಕ್ಕೂ ಬಿಳಿ ಪದರ. ಒಂದರ ಮೇಲೆ ಸುಟ್ಟ ಗೆರೆ, ಬೇರಿನ ಹಾಗೆ ಕವಲೊಡೆದು ಹರಿದಿತ್ತು. ಸಾಮಾನ್ಯವಾಗಿ ಇಂಥ ಗೆರೆ ಬಿಳಿ ಪದರದ ಮೇಲಿರುವ, ಜೋಡಿಸುವ ಕಡೆ ಮಾತ್ರ ಸುಲಿದು ತೆಗೆಯುವ ಇಂಗಾಲದ ಕರಿ ಪದರ ಮುಗಿಯುವ ಅಂಚಿನಲ್ಲಿ ಹುಟ್ಟುತ್ತದೆ. ಸುಲಿಯುವವನ ಚಾಕು ಆಳಕ್ಕೆ ಹೋಗಿದ್ದರೆ, ಒರೆಸುವವನು ಕರಿಯಿಂದ ಬಿಳಿಯ ಕಡೆಗೆ ಒರೆಸಿ ಮಸಿ ಎಳೆದಿದ್ದರೆ, ತಪ್ಪು ಅಲ್ಲೇ ಕಾಣಬೇಕು. ಇಲ್ಲಿ ಅಂಚು ಅಕ್ಕಸಾಲಿಗ ಮಾಡಿದಷ್ಟು ನಯವಾಗಿತ್ತು. ಗೆರೆ ಹುಟ್ಟಿದ್ದು ನಟ್ಟನಡುವೆ, ಬರೀ ಬಿಳಿಯ ಮೇಲೆ.

ಅಲ್ಲೇನಿತ್ತು? ಸುಟ್ಟ ಕಡೆ ಏನೂ ಉಳಿದಿರಲಿಲ್ಲ. ಸುಡದೆ ಉಳಿದ ಇನ್ನೊಂದು ತಂತಿಯ ಮೇಲೆ ಕೈಯಾಡಿಸಿದೆ, ದೀಪ ಹಿಡಿದೆ. ಬಿಳಿಯ ಮೇಲೆ ಏನೂ ಕಾಣಲಿಲ್ಲ. ಆಮೇಲೆ ಏನು ತೋಚಿತೋ, ಯಂತ್ರಕ್ಕೆ ಹೊದಿಸುವ ಕರಿ ಬಟ್ಟೆಯ ಚುಂಗಿನಿಂದ ಒರೆಸಿದೆ. ಬಟ್ಟೆಯ ಮೇಲೆ ಬೂದು ಬಿಳುಪಿನ ಪುಡಿ ಬಂತು. ಕೈಗವಸಿನ ಪೌಡರ್ ಇರಬೇಕು ಎಂದುಕೊಂಡೆ. ಒದ್ದೆ ಮಾಡಿದ ಲಿಟ್ಮಸ್ ಕಾಗದ ತಾಗಿಸಿದರೆ ಕೆಂಪು ಕಾಗದ ನೀಲಿಯಾಯಿತು. ಪೌಡರ್ ಹಾಗೆ ಮಾಡುವುದಿಲ್ಲ. ಸುಣ್ಣ ಮಾಡುತ್ತದೆ, ಬೂದಿ ಮಾಡುತ್ತದೆ. ಬೂದಿ ಎಂಬ ಮಾತು ಮನಸ್ಸಿಗೆ ಬಂದದ್ದೇ ತಡ, ಭಾನುವಾರ ನಾನು ತಿಕ್ಕುವ ಮೈದುನನ ಅಂಗಿಯ ತೋಳು ನೆನಪಾಯಿತು.

ಏಪ್ರಿಲ್ಲಿನ ಗುಂಡಿ, ಪಕ್ಕದಲ್ಲಿ ಗ್ಯಾಸಿನ ಉರಿ. ಬೆವರಿಗೆ ಜಾರುತ್ತದೆಂದು ಅವನು ಕೈಗವಸು ತೆಗೆದಿಡುತ್ತಾನೆ. ಹಣೆಯಿಂದ ಕಣ್ಣಿಗೆ ಇಳಿಯುವ ಬೆವರನ್ನು ತೋಳಿನಿಂದ, ಮುಂಗೈಯಿಂದ ಒರೆಸಿಕೊಳ್ಳುತ್ತಾನೆ. ವಿಭೂತಿ ಬೆವರಲ್ಲಿ ಕಲಸಿ ಕೈಗೆ ಇಳಿಯುತ್ತದೆ. ಶುಚಿ ಮಾಡಿದ ಬಿಳಿ ಪದರವನ್ನು ಅದೇ ಕೈ ಹಿಡಿಯುತ್ತದೆ. ಮಸಿಯಾಗಿದ್ದರೆ ಕಾಣುತ್ತಿತ್ತು, ಒರೆಸುತ್ತಿದ್ದ. ಬಿಳಿಯ ಮೇಲೆ ಬಿಳಿ. ಮೇಲಿನ ಕೊಳವೆ ಬಿಗಿಯಾದ ಮೇಲೆ ಆ ಉಪ್ಪು ಬೂದಿ ಒಳಗೇ ಉಳಿದು, ತೇವ ಹಿಡಿದು, ಕರೆಂಟಿಗೆ ಕಾಲುದಾರಿ ಮಾಡಿಕೊಟ್ಟಿತು.

ಖುಷಿಯಾಯಿತು. ಅವನ ಕೈ ಕೆಟ್ಟಿರಲಿಲ್ಲ. ಆದರೆ ಇದನ್ನು ಅತ್ತೆಗೆ ಹೇಳುವುದು ಹೇಗೆ? ಮಗನ ಜೀವ ಕಾಯಲಿ ಎಂದು ಹಚ್ಚಿದ್ದೇ ಮಗನ ಕೆಲಸ ಕೆಡಿಸಿತು ಎಂದು ಯಾವ ಬಾಯಿಂದ ಹೇಳಲಿ? ಮಲ್ಕಾಜ್‌ಗಿರಿಯವರೆಗೂ ಬಸ್ಸಿನಲ್ಲಿ ನಯವಾದ ಮಾತುಗಳನ್ನು ಜೋಡಿಸಿಕೊಂಡು ಬಂದೆ. ಮನೆಗೆ ಬಂದರೆ ಅತ್ತೆ ಅವನ ಬಟ್ಟೆಗಳನ್ನು ಮಡಚಿಡುತ್ತ, “ಹೋಗ್ಲಿ ಬಿಡವ್ವಾ, ಕರೆಂಟಿನ ಸವಾಸ ತಪ್ಪತು” ಎಂದು ಸಮಾಧಾನದ ಮಾತಾಡಿದರು. ನಯವಾದ ಮಾತುಗಳೆಲ್ಲ ಹಾರಿಹೋದವು. ಮೈದುನನೂ ಅಲ್ಲೇ ಇದ್ದ. ಇಬ್ಬರ ಎದುರಿಗೂ ಕಂಡದ್ದನ್ನು ಕಂಡ ಹಾಗೆ ಹೇಳಿಬಿಟ್ಟೆ.

ಅತ್ತೆ ಎದ್ದು ನಿಂತರು. “ಇಬತ್ತಿ ಕೆಡಕ ಮಾಡತೈತೇನು? ಬಾಯಾಗ ಹುಳಾ ಬೀಳ್ತಾವ ನೋಡ, ಹಂಗ ಮಾತಾಡಿದ್ರ.”

ನಾನು ವಾದ ಮಾಡಲಿಲ್ಲ. ಅದೊಂದು ದಿನ ಬುದ್ಧಿ ಸಿಟ್ಟಿಗಿಂತ ಮುಂದೆ ಹೋಯಿತು. ಚೀಲದಲ್ಲಿ ಕೇಬಲ್ಲಿನ ಬಿಳಿ ಪದರದ ಒಂದು ತುಂಡು ಇತ್ತು. ದೇವರ ಜಗಲಿಯಿಂದ ವಿಭೂತಿ ತಂದು, ಅವರಿಗೆ ಬೆನ್ನು ತಿರುಗಿಸಿ, ಒದ್ದೆ ಬೆರಳಿನಿಂದ ಒಂದು ಕಡೆ ತೆಳ್ಳಗೆ ಸವರಿ, ಆರಿಸಿ, ಅವರ ಕೈಗೆ ಕೊಟ್ಟೆ.

“ಎಲ್ಲಿ ಹಚ್ಚೀನಿ, ತೋರಸ್ರಿ.”

ಅವರು ಕನ್ನಡಕ ಹಾಕಿಕೊಂಡರು. ಕಿಟಕಿಯ ಹತ್ತಿರ ಒಯ್ದರು. ತಿರುಗಿಸಿ ಮುರುಗಿಸಿ ನೋಡಿ ಒಂದು ಕಡೆ ಬೆರಳಿಟ್ಟರು. ಅಲ್ಲಿ ಅಲ್ಲ. ಇನ್ನೊಂದು ಕಡೆ ಇಟ್ಟರು, ಅಲ್ಲೂ ಅಲ್ಲ. ಆಮೇಲೆ ಮೈದುನ ಇಸಿದುಕೊಂಡು ನೋಡಿದ. ಇಂಥ ಪದರಗಳ ನಡುವೆಯೇ ಬದುಕು ಕಳೆದವನಿಗೂ ಸಿಗಲಿಲ್ಲ. ನಾನು ನನ್ನ ಕರಿ ಕೊಡೆಯ ಬಟ್ಟೆಗೆ ಅದನ್ನು ಉಜ್ಜಿ ತೋರಿಸಿದಾಗ ಅಲ್ಲಿ ಬಿಳಿ ಕಲೆ ಮೂಡಿತು.

ಅತ್ತೆ ಆ ಕಲೆಯನ್ನು ಬೆರಳಿನಿಂದ ಸವರಿದರು. ಅವರ ಕಣ್ಣು ತುಂಬಿತ್ತು. ಮೂಗು ಏರಿಸಿಕೊಂಡು, “ನಾ ಹಚ್ಚೋದು ಬಿಡಾಂಗಿಲ್ಲ. ಕೆಲಸಾ ಮುಗಿಸಿ, ಮೈ ತೊಳಕೊಂಡು ಬರ್ಲಿ, ಸಂಜಿಮುಂದ ಹಚ್ಚತೀನಿ. ಅಂವಗ ಹೊತ್ತು ಗೊತ್ತು ಏನಿಲ್ಲ” ಎಂದರು. ಅಂವ ಎಂದರೆ ಶಿವ. ಅವರು ಶಿವನ ಪರವಾಗಿ ಅಷ್ಟು ಸಲೀಸಾಗಿ ಒಪ್ಪಿಗೆ ಕೊಟ್ಟದ್ದು ಕಂಡು ನನಗೆ ನಗು ಬಂತು, ನಕ್ಕೂಬಿಟ್ಟೆ, ಬೈಸಿಕೊಂಡೆ.

ಮೈದುನ ನಗಲಿಲ್ಲ. ಕೈ ಕೆಟ್ಟಿಲ್ಲ ಎಂದು ತಿಳಿದ ಮೇಲೆ ಹಗುರಾಗುತ್ತಾನೆ ಎಂದುಕೊಂಡಿದ್ದೆ. ಅವನ ಮುಖ ಇನ್ನಷ್ಟು ಕಪ್ಪಿಟ್ಟಿತ್ತು.

“ವೈನಿ, ಹಂಗಾರ ಉಳದದ್ದು?”

“ಯಾವ ಉಳದದ್ದು?”

“ಬ್ಯಾಸಗ್ಯಾಗ ಮಾಡಿದ್ದು ಇದೊಂದ ಅಲ್ಲಲ್ರಿ. ಚಳಿಗಾಲದ್ದು ಬಿಡ್ರಿ, ಬೆವರಿಲ್ಲ. ಹ್ವಾದ ಬ್ಯಾಸಗಿದು, ಅದರ ಹಿಂದಿನ ಬ್ಯಾಸಗಿದು… ಅವೆಲ್ಲಾ ಮಣ್ಣಾಗ ಹಂಗ ಅದಾವ.”

ಇದು ನನಗೆ ಹೊಳೆದೇ ಇರಲಿಲ್ಲ. ಒಂದನ್ನು ಬಿಡಿಸಿದ ಖುಷಿಯಲ್ಲಿ ಉಳಿದವುಗಳ ಲೆಕ್ಕವೇ ಬಿಟ್ಟುಹೋಗಿತ್ತು. ಅವನಿಗೆ ಈಗ ಎರಡು ದಾರಿ. ಸುಮ್ಮನೆ ವಿಜಯಪುರದ ಗಾಡಿ ಹತ್ತಿದರೆ ಯಾರೂ ಕೇಳುವುದಿಲ್ಲ. ಒಡೆದಾಗ ಒಡೆಯುತ್ತವೆ, ಆಗ ಯಾರೋ ಬೈಸಿಕೊಳ್ಳುತ್ತಾರೆ. ಇಲ್ಲಿಯೇ ಉಳಿದರೆ ಹೋಗಿ ಬಾಯಿ ಬಿಟ್ಟು ಹೇಳಬೇಕು. ಇದನ್ನು ಹೇಳುವವನನ್ನು ಮತ್ತೆ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆಂಬ ಭರವಸೆ ನನಗಿರಲಿಲ್ಲ. ಅವನು ಹೋಗಿ ಮಲಗಿದ. ಬೆಳಿಗ್ಗೆ ನೋಡಿದರೆ ಸ್ನಾನ ಮುಗಿಸಿ, ಬರೀ ಹಣೆಯಲ್ಲಿ, ಬಾಗಿಲಲ್ಲಿ ನಿಂತಿದ್ದ.

“ನೀವೂ ಬರ್ರಿ ವೈನಿ. ನನಗ ಅಷ್ಟು ಬಿಡಿಸಿ ಹೇಳಾಕ ಬರಾಂಗಿಲ್ಲ.”

ಕಾರ್ಖಾನೆಗೆ ಅರ್ಧ ದಿನ ರಜೆ ಹೇಳಿ ಸಿಕಂದರಾಬಾದಿನ ಗುತ್ತಿಗೆದಾರರ ಆಫೀಸಿಗೆ ಅವನ ಜೊತೆ ಹೋದೆ. ನನ್ನ ಹೆರೆತ, ಲಿಟ್ಮಸ್ಸು, ಕೊಡೆ ಎಲ್ಲವನ್ನೂ ಹಿಂದಿಯಲ್ಲಿ ಹೇಳಿದೆ. ತೆಲುಗಿನ ಸೂಪರ್‌ವೈಸರ್ ಗಮನವಿಟ್ಟೇ ಕೇಳಿದ. ಮನುಷ್ಯ ಕೆಟ್ಟವನಲ್ಲ. ಆದರೆ ಮೈದುನ ತನ್ನ ಬೇಸಿಗೆಯ ಜಾಯಿಂಟುಗಳಿರುವ ಜಾಗಗಳನ್ನು ಹೇಳತೊಡಗಿದಂತೆ ಅವನ ಮುಖ ಸಣ್ಣದಾಯಿತು.

“ಚಲ್ ರಹಾ ಹೈ ನಾ? ಛೋಡೋ” ಎಂದ. ನಡೆಯುತ್ತಿರುವುದನ್ನು ಏಕೆ ಕೆದಕುತ್ತೀ, ಬೇಕಾದರೆ ನಾಳೆಯಿಂದ ಕೆಲಸಕ್ಕೆ ಬಾ, ಹೊಸ ಜಾಗ ಕೊಡುತ್ತೇನೆ, ಹಳೆಯದನ್ನು ಮರೆತುಬಿಡು ಎಂಬುದು ಅವನ ಮಾತಿನ ಸಾರ.

ಕೆಲಸ ತಾನಾಗಿಯೇ ಕೈಗೆ ಬಂದು ಬಿದ್ದಿತ್ತು. ಹೂಂ ಎನ್ನು ಎಂದು ನಾನು ಕಣ್ಣಿನಲ್ಲೇ ಹೇಳಿದೆನೋ ಏನೋ. ಮೈದುನ ನನ್ನ ಕಡೆ ನೋಡಲೂ ಇಲ್ಲ. ಒಂದನ್ನಾದರೂ ಪರೀಕ್ಷೆ ಮಾಡಿಸಿ ಎಂದು ಪಟ್ಟು ಹಿಡಿದ. ಏನೂ ಇರದಿದ್ದರೆ ನಾನೇ ಸುಮ್ಮನಾಗುತ್ತೇನೆ, ಹಾಗೇ ಬಿಟ್ಟು ಹೊಸ ಗುಂಡಿಗೆ ಇಳಿಯಲು ನನ್ನಿಂದಾಗದು ಎಂದ. ಸೂಪರ್‌ವೈಸರ್ ಫೋನ್ ಹಿಡಿದು ಹೊರಗೆ ಹೋದ. ತನ್ನ ಮೇಲಿನವರ ಹತ್ತಿರ ಎಷ್ಟು ಹೊತ್ತು ಏನು ಮಾತಾಡಿದನೋ ಗೊತ್ತಿಲ್ಲ; ಒಳಗೆ ಬಂದವನು ಸರಿ, ಒಂದೇ ಒಂದು ಎಂದ.

ಹಿಂದಿನ ಬೇಸಿಗೆಯ ಒಂದು ಜಾಯಿಂಟ್ ಆರಿಸಿದರು. ಕೇಬಲ್ಲಿನೊಳಗೆ ಹಾರುವ ಸಣ್ಣ ಕಿಡಿಗಳನ್ನು ಹಿಡಿಯುವ ಯಂತ್ರ ತಂದರು. ಅದು ಅವನು ಹೇಳಿದ ಜಾಗದಲ್ಲೇ ಕಿಡಿ ತೋರಿಸಿತು. ಆ ಕೇಬಲ್ಲಿನ ಮನೆಗಳಿಗೆ ಬೇರೆ ಲೈನಿನಿಂದ ಕರೆಂಟು ಕೊಟ್ಟು ಜಾಯಿಂಟ್ ತೆಗೆಯಲು ಭಾನುವಾರ ಗೊತ್ತಾಯಿತು.

ಆ ಭಾನುವಾರ ನಾನೂ ಕೊಡೆ ಹಿಡಿದು ಗುಂಡಿಯ ಬಳಿ ನಿಂತಿದ್ದೆ. ಹೆಂಗಸಿಗೇನು ಕೆಲಸ ಇಲ್ಲಿ ಎಂದು ನೋಡಿದವರನ್ನು ತಿರುಗಿ ದುರುಗುಟ್ಟಿ ನೋಡಿದೆ. ಹಳೆಯ ಜಾಯಿಂಟನ್ನು ಕತ್ತರಿಸಿ ಮೇಲೆ ತಂದು ಸೀಳಿದಾಗ ಬಿಳಿಯ ನಡುವೆ ಕೂದಲೆಳೆಯಂಥ ಕಂದು ಗೆರೆ ಇತ್ತು. ಇನ್ನೂ ಅಂಚು ಮುಟ್ಟಿರಲಿಲ್ಲ. ಸೂಪರ್‌ವೈಸರ್ ಬಗ್ಗಿ ಅದನ್ನು ನೋಡಿದ, ಆಮೇಲೆ ರಸ್ತೆಯ ಆಚೆಯ ಮನೆಗಳನ್ನು ನೋಡಿದ. ಟೋಪಿ ತೆಗೆದು ತಲೆ ಕೆರೆದುಕೊಂಡ. ನಡುವೆ ಹೊಸ ತುಂಡು ಸೇರಿಸಿ ಎರಡೂ ಕಡೆ ಜೋಡಿಸಬೇಕಿತ್ತು. ಬೇರೆ ಜಾಯಿಂಟರನ್ನು ಕರೆಸಿದ್ದೇನೆ, ನೀನು ಮೇಲೆ ಕೂತಿರು, ದಣಿದಿದ್ದೀ ಎಂದು ಅವನು ಮೆತ್ತಗೆ ಹೇಳಿದಾಗ ಮೈದುನ ಆಗಲೇ ಏಣಿ ಇಳಿಯುತ್ತಿದ್ದ.

ಹಣೆಗೆ ದಪ್ಪ ಟವೆಲ್ಲು ಬಿಗಿದಿದ್ದ. ಬೆವರಿದಾಗಲೆಲ್ಲ ಕೈಗವಸು ಬದಲಿಸಿದ. ಪದರ ಒರೆಸಿದ ಮೇಲೆ ಕರಿ ಬಟ್ಟೆಯ ತುಂಡು ತೆಗೆದು, ಬಿಳಿಯ ಮೇಲೆ ಎಳೆದು, ಬಿಸಿಲಿಗೆ ಹಿಡಿದು ನೋಡಿದ. ಹೀಗೆ ಮಾಡೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಬಟ್ಟೆ ಕರ್ರಗೇ ಇತ್ತು. ಆಮೇಲೆಯೇ ಕೊಳವೆ ಎಳೆದು ಉರಿ ಹಚ್ಚಿದ. ಒಮ್ಮೆಯೂ ಅವನ ಕೈ ಅನುಮಾನಿಸಲಿಲ್ಲ. ನಾನು ಅದನ್ನೇ ನೋಡಲು ಬಂದಿದ್ದೆ ಎಂದು ಆಗ ತಿಳಿಯಿತು.

ಕೆಲಸ ಮುಗಿದು, ಪರೀಕ್ಷೆ ಮುಗಿದು, ಕಿಡಿಯ ಯಂತ್ರ ಏನೂ ತೋರಿಸದೆ ಸುಮ್ಮನಿದ್ದಾಗ ಬಿಸಿಲು ಇಳಿದಿತ್ತು. ಕಾಚಿಗೂಡದಿಂದ ಅವನು ಹತ್ತಬೇಕಾಗಿದ್ದ ಗಾಡಿ ಹೊರಡುವ ಹೊತ್ತು. ನಾನು ಗಡಿಯಾರ ನೋಡಿದೆ, ಅವನು ನೋಡಲಿಲ್ಲ. ಗುಂಡಿಯಿಂದ ಮೇಲೆ ಬಂದು, ನಲ್ಲಿಯಲ್ಲಿ ಮುಖ ತೊಳೆದು, ನನ್ನ ಕೈಯಿಂದ ನೀರಿನ ಬಾಟಲಿ ಇಸಿದುಕೊಂಡು ಗಟಗಟ ಕುಡಿದ.

“ಇನ್ನ ಉಳದದ್ದು ತಗೀಬೇಕ್ರಿ ವೈನಿ. ಸಾಹೇಬ್ರಿಗೆ ಹೇಳೇನಿ. ಬ್ಯಾರೆದಾವ್ರು ಬ್ಯಾಡ, ನನ್ನ ಕೈಲೆ ಮಾಡೇನಿ, ನನ್ನ ಕೈಲೆನ ತಗೀತೀನಿ ಅಂದೀನಿ. ನಾಳಿಂದ ಶುರು.”

ನನ್ನ ಕೈಲೆ ಎಂದ. ನಡುರಸ್ತೆಯಲ್ಲಿ ನನಗೆ ಅಳು ಬಂತು, ತಡೆಯಲಿಲ್ಲ. ಅತ್ತುಕೊಂಡೇ, ಮಧ್ಯಾಹ್ನದಿಂದ ಉಂಡಿಲ್ಲ ಮೊದಲು ಹೊಟ್ಟೆಗೆ ಏನಾದರೂ ಹಾಕು ಎಂದು ಅವನನ್ನು ಗದರಿಸಿ ಆಟೋ ಕರೆದೆ.